ಅನುರಾಧಪುರದ ಸ್ತೂಪಗಳು, ತ್ರಿಕೋನಮಲೆಯ ಕಡಲು

ಬೇಸಿಗೆ ರಜೆಯಲ್ಲಿ ಶ್ರೀಲಂಕಾಕ್ಕೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾದ ಮೇಲೆ ನಾವು ಮೊದಲು ಬಗೆಹರಿಸಿಕೊಂಡದ್ದು ಯಾವ ದಂಡೆಯ ಕಡಲಿಗೆ ಹೋಗಬೇಕು ಎಂಬುದನ್ನು. ಶ್ರೀಲಂಕಾ ಎಂದೊಡನೆ ಎಲ್ಲರೂ ಹೆಸರಿಸುವ ಗಾಲೆ, ಮಿರಿಸ್ಸ, ಬೆಂಟೋಟಗಳು ದ್ವೀಪದ ದಕ್ಷಿಣ ಮತ್ತು ನೈರುತ್ಯ ದಂಡೆಯಲ್ಲಿವೆ. ಮೇ ತಿಂಗಳಲ್ಲಿ ಮುಂಗಾರು ಮೊದಲು ಬಂದು ಬಡಿಯುವುದೇ ಆ ದಂಡೆಗೆ. ಹೀಗಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿಳಿಯಾಗಿರುವ ಅಲ್ಲಿನ ಕಡಲು ನಮ್ಮ ಮಕ್ಕಳ ಶಾಲೆಗೆ ರಜೆ ಸಿಗುವ ಹೊತ್ತಿಗೆ ಮೇಲೆದ್ದಿರುತ್ತದೆ. ಪೂರ್ವ ದಂಡೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಶಾಂತವಾಗಿರುತ್ತದೆ. ತ್ರಿಕೋನಮಲೆ ಆ ದಂಡೆಯ ದೊಡ್ಡ ಊರು, ಮತ್ತು ಕೊಲಂಬೊ ಕಡೆಯಿಂದ ಅಲ್ಲಿಗೆ ಹೋಗುವವರು ಸ್ವಲ್ಪ ಸುತ್ತು ಹಾಕಿದರೆ ಅನುರಾಧಪುರ, ಮಿಹಿಂತಲೆ, ಪೊಲೊನ್ನರುವಗಳನ್ನು ನೋಡಿಕೊಂಡೇ ಮುಂದೆ ಸಾಗಬಹುದು. ಮಕ್ಕಳಿಗೆ ಕಡಲು ಬೇಕಾಗಿತ್ತು, ನಮ್ಮ ಮಾವನವರಿಗೆ ಹಳೆಯ ಕಟ್ಟಡಗಳು ಬೇಕಾಗಿದ್ದವು. ಎರಡೂ ಒಂದೇ ದಾರಿಯಲ್ಲಿ ಸಿಕ್ಕವು.

ಮಾವನವರು ಶಹಾಬಾದಿನ ಫರ್ಷಿ ಖಣಿಗಳಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು. ಕಲ್ಲನ್ನು ಕಣ್ಣಿನಿಂದ ನೋಡುವುದಕ್ಕಿಂತ ಮೊದಲು ಅಂಗೈಯಿಂದ ಮುಟ್ಟಿ ನೋಡುವುದು ಅವರ ಅಭ್ಯಾಸ. ಅತ್ತೆಯವರು ಅಲ್ಲಿಯವರೆಗೆ ಕಡಲನ್ನೇ ಕಂಡವರಲ್ಲ. ಕಲಬುರಗಿ ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಊರಾದ್ದರಿಂದ ಅವರ ವಾರಗೆಯ ಹೆಂಗಸರಲ್ಲಿ ಇದು ಅಪರೂಪದ ಸಂಗತಿಯೇನೂ ಅಲ್ಲ. ಮುಂಬೈ–ಚೆನ್ನೈ ರೈಲು ಮಾರ್ಗ ನಮ್ಮ ಊರಿನ ಮೂಲಕವೇ ಹಾದುಹೋಗುತ್ತದೆ. ಆದಕಾರಣ ಚೆನ್ನೈವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಒಂದೂವರೆ ಗಂಟೆಯೊಳಗಿನ ವಿಮಾನ ಪ್ರಯಾಣದಲ್ಲಿ ಕೊಲಂಬೊ ತಲುಪಿದೆವು. ಕಡಕ್ ರೊಟ್ಟಿಯ ಕಟ್ಟು ಮತ್ತು ಶೇಂಗಾ ಹಿಂಡಿಯ ಡಬ್ಬಿ ಅತ್ತೆಯವರ ಚೀಲದಲ್ಲಿದ್ದವು. ಅಲ್ಲಿನ ಊಟದಲ್ಲಿ ಅನ್ನ, ತೊಗರಿಯ ಬದಲು ಕೆಂಪು ಬೇಳೆಯ ಪಲ್ಯ, ತೆಂಗಿನ ತುರಿಯ ಖಾರದ ಚಟ್ನಿ, ಎಮ್ಮೆಯ ಗಟ್ಟಿ ಮೊಸರು ಎಲ್ಲ ಕಡೆಯೂ ಸಿಗುವುದರಿಂದ ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ. ಆದರೂ ರೊಟ್ಟಿ ಇತ್ತು ಎಂಬುದು ಅವರಿಗೆ ದೊಡ್ಡ ಧೈರ್ಯವಾಗಿತ್ತು.

ಅನುರಾಧಪುರ ಕ್ರಿ.ಪೂ. 4ನೆಯ ಶತಮಾನದಿಂದ ಕ್ರಿ.ಶ. 11ನೆಯ ಶತಮಾನದ ಆರಂಭದವರೆಗೆ, ನಡುವಿನ ಕೆಲವು ಅಡೆತಡೆಗಳನ್ನು ಬಿಟ್ಟರೆ, ಸಿಂಹಳ ಅರಸರ ರಾಜಧಾನಿಯಾಗಿತ್ತು. 1982ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಳು ಊರು ಎಂದ ಕೂಡಲೇ ನಮ್ಮ ಮನಸ್ಸಿನಲ್ಲಿ ಮೂಡುವುದು ಜನವಿಲ್ಲದ ಬಯಲು, ಜಾಲಿಕಂಟಿ, ಬೇಲಿ, ಬೀಗ, ಒಂದು ನೀಲಿ ಫಲಕ. ಅನುರಾಧಪುರದಲ್ಲಿ ನಾವು ಮೊದಲು ಕಂಡದ್ದು ಜನರನ್ನು. ಬೆಳಗಿನ ಜಾವದಲ್ಲಿ ರುವನ್ವೆಲಿಸಾಯ ಎಂಬ ಮಹಾಸ್ತೂಪದ ದಾರಿಯುದ್ದಕ್ಕೂ ಬಿಳಿ ಬಟ್ಟೆ ಉಟ್ಟ ಕುಟುಂಬಗಳು, ಕೈಯಲ್ಲಿ ತಾವರೆ ಹಿಡಿದು, ಬರಿಗಾಲಿನಲ್ಲಿ, ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡೆದುಹೋಗುತ್ತಿದ್ದವು. ಕ್ರಿ.ಪೂ. 2ನೆಯ ಶತಮಾನದಲ್ಲಿ ದುಟ್ಟಗಾಮಿನಿ ಎಂಬ ಅರಸ ಕಟ್ಟಿಸಿದ ಸ್ತೂಪವದು. ಕಾಲಾಂತರದಲ್ಲಿ ಕುಸಿದು ಗಿಡಗಂಟಿ ಬೆಳೆದು ದಿಬ್ಬವಾಗಿದ್ದದ್ದನ್ನು ಕಳೆದ ಶತಮಾನದಲ್ಲಿ ಭಕ್ತರೇ ಮುಂದೆ ನಿಂತು ಮತ್ತೆ ಎತ್ತಿ ನಿಲ್ಲಿಸಿದರು. ಸುತ್ತಲಿನ ಗೋಡೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ಆನೆಗಳ ಸಾಲು ಇದೆ, ಇಡೀ ಅಂಗಳವನ್ನು ಅವುಗಳೇ ಹೊತ್ತಿವೆ ಎನ್ನಿಸುವ ಹಾಗೆ.

ದಾರಿಯ ಬದಿಯಲ್ಲಿ ಹೂ ಮಾರುತ್ತಿದ್ದ ಒಬ್ಬ ಹೆಂಗಸಿನ ಬೆರಳುಗಳನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ತಾವರೆಯ ಮೊಗ್ಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಹೊರಗಿನ ಎಸಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚುತ್ತ, ಅರಳದ ಮೊಗ್ಗನ್ನು ಅರಳಿದ ಹೂವಾಗಿಸಿ ಕೊಡುತ್ತಿದ್ದಳು. ಒಂದು ಎಸಳೂ ಹರಿಯುತ್ತಿರಲಿಲ್ಲ. ಅತ್ತೆಯವರು ಎರಡು ಹೂ ಕೊಂಡು ಮೂರನೆಯದನ್ನು ತಾವೇ ಮಡಚಲು ಕೇಳಿ ಪಡೆದರು. ಭಾಷೆ ಬರದಿದ್ದರೂ ಇಬ್ಬರ ನಡುವೆ ಆ ಪಾಠ ಸುಗಮವಾಗಿ ನಡೆಯಿತು.

ಅಷ್ಟರಲ್ಲಿ ಡೋಲು ಬಾರಿಸುತ್ತ ಒಂದು ಊರಿನ ಜನ ಬಂದರು. ತಲೆಯ ಮೇಲೆ ಸಾಲಾಗಿ ಹಿಡಿದ ಉದ್ದನೆಯ ಬಟ್ಟೆಯ ಪಟ್ಟಿಯನ್ನು ಸ್ತೂಪದ ಸುತ್ತ ಪ್ರದಕ್ಷಿಣೆ ತಂದು, ಅದನ್ನು ಸ್ತೂಪಕ್ಕೇ ಸುತ್ತಿದರು. ಅದನ್ನು ನೋಡುತ್ತಿದ್ದಾಗ ನನಗೆ ಕನಗನಹಳ್ಳಿಯ ಚಪ್ಪಡಿಗಳು ನೆನಪಾದವು, ಮತ್ತು ಈ ಬರಹ ಬರೆಯಲು ಕಾರಣವೂ ಅದೇ.

ಚಿತ್ತಾಪುರ ಸೀಮೆಯ ಸನ್ನತಿ ನಮ್ಮ ಭಾಗದವರಿಗೆ ಚಂದ್ರಲಾ ಪರಮೇಶ್ವರಿಯ ಕ್ಷೇತ್ರವಾಗಿ ಗೊತ್ತು. ಅನೇಕ ಮನೆಗಳಿಗೆ ಆಕೆ ಕುಲದೇವತೆ. 1986ರಲ್ಲಿ ಆ ಗುಡಿಯ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿ ನಡುವೆ ಕೊರೆದು ಬಳಸಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ಅಲ್ಲಿಗೆ ಸಮೀಪದಲ್ಲೇ ಇರುವ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಒಂದು ಮಹಾಸ್ತೂಪದ ತಳವೂ, ಅದರ ಮೈಯನ್ನು ಮುಚ್ಚಿದ್ದ ನೂರಾರು ಶಿಲ್ಪದ ಚಪ್ಪಡಿಗಳೂ ಹೊರಬಂದವು. ಅವುಗಳಲ್ಲಿ ಒಂದರ ಮೇಲೆ ರಾಣಿ ಮತ್ತು ಚಾಮರ ಹಿಡಿದ ಪರಿಚಾರಿಕೆಯರೊಂದಿಗೆ ನಿಂತ ಅರಸನ ಚಿತ್ರವಿದ್ದು, ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೊಕೊ’ ಎಂದು ಬರೆದಿದೆ. ಅಶೋಕನ ಹೆಸರನ್ನು ಜೊತೆಗೇ ಬರೆದಿರುವ ಅವನ ಶಿಲ್ಪ ಸಿಕ್ಕಿದ್ದು ನಮ್ಮ ಭೀಮಾ ದಂಡೆಯಲ್ಲಿ. ನಾನು ಆ ಸ್ಥಳವನ್ನು ಹಿಂದೆಯೂ ನೋಡಿದ್ದೆ, ಆದರೆ ಅದು ಬಿಡಿಬಿಡಿ ಚಪ್ಪಡಿಗಳಾಗಿಯೇ ಮನಸ್ಸಿನಲ್ಲಿ ಉಳಿದಿತ್ತು. ಸ್ತೂಪಕ್ಕೆ ಹಾರ ಸುತ್ತಿದ ಚಿತ್ರ, ಬೋಧಿವೃಕ್ಷದ ಮುಂದೆ ಕೈಮುಗಿದು ನಿಂತವರ ಚಿತ್ರ, ಬುದ್ಧನ ಪಾದಗಳ ಚಿತ್ರ ಎಲ್ಲವೂ ಸುಂದರವಾಗಿದ್ದರೂ, ಅವು ಯಾರದೋ ಕಲ್ಪನೆಯ ಲೋಕಕ್ಕೆ ಸೇರಿದವು ಎಂಬ ಭಾವ ನನ್ನಲ್ಲಿತ್ತು. ಅನುರಾಧಪುರದ ಅಂಗಳದಲ್ಲಿ ಆ ಚಪ್ಪಡಿಯ ಮೇಲಿನ ಜನರೇ ನನ್ನ ಮುಂದೆ ನಡೆದುಹೋದರು: ಅದೇ ಮುಗಿದ ಕೈ, ಅದೇ ಸುತ್ತಿದ ಹಾರ, ಮರದ ಬುಡದಲ್ಲಿ ಇಟ್ಟ ಅದೇ ಹೂ. ಕನಗನಹಳ್ಳಿಯ ಶಿಲ್ಪಿ ಕೆತ್ತಿದ್ದು ದಿನನಿತ್ಯ ತನ್ನ ಕಣ್ಣೆದುರು ನಡೆಯುತ್ತಿದ್ದ ಪೂಜೆಯನ್ನೇ.

ಸ್ತೂಪದಿಂದ ಸ್ವಲ್ಪ ದೂರದಲ್ಲಿ ಶ್ರೀ ಮಹಾಬೋಧಿ ಇದೆ. ಅಶೋಕನ ಮಗ ಮಹಿಂದ ಲಂಕೆಗೆ ಬಂದ ಬಳಿಕ, ಮಗಳು ಸಂಘಮಿತ್ರೆ ಬೋಧಗಯೆಯ ಅರಳಿಮರದ ಕೊಂಬೆಯನ್ನು ತಂದಳೆಂದೂ, ಕ್ರಿ.ಪೂ. 3ನೆಯ ಶತಮಾನದಲ್ಲಿ ದೇವಾನಾಂಪಿಯ ತಿಸ್ಸ ಅದನ್ನು ಇಲ್ಲಿ ನೆಟ್ಟನೆಂದೂ ಅಲ್ಲಿನ ಪರಂಪರೆ ಹೇಳುತ್ತದೆ. ಮನುಷ್ಯರು ನೆಟ್ಟು, ನೆಟ್ಟ ಕಾಲ ದಾಖಲೆಯಲ್ಲಿರುವ ಮರಗಳಲ್ಲಿ ಜಗತ್ತಿನಲ್ಲೇ ಹಳೆಯದೆಂದು ಇದಕ್ಕೆ ಹೆಸರು. ಎತ್ತರದ ಕಟ್ಟೆಯ ಮೇಲೆ ಬಂಗಾರದ ಬಣ್ಣದ ಆಧಾರದ ಕಂಬಗಳ ನಡುವೆ ಅದರ ಕೊಂಬೆಗಳು ಚಾಚಿಕೊಂಡಿವೆ. ತಂದೆ ನಮ್ಮ ಭೀಮಾ ದಂಡೆಯಲ್ಲಿ ಕಲ್ಲಿನ ಮೇಲೆ ಆಜ್ಞೆ ಬರೆಸಿದ, ಮಗಳು ಕಡಲಾಚೆಗೆ ಒಂದು ಗಿಡ ಒಯ್ದಳು. ಸನ್ನತಿಯ ಚಪ್ಪಡಿಯಲ್ಲಿ ಅಶೋಕನ 12ನೆಯ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ಸಾರ. ಕೊರಳಲ್ಲಿ ಇಷ್ಟಲಿಂಗ ಧರಿಸಿದ ಅತ್ತೆಯವರು ತಾವು ಮಡಚಿದ ತಾವರೆಯನ್ನು ಆ ಕಟ್ಟೆಯ ಮೇಲಿಟ್ಟು ನಮಸ್ಕರಿಸಿದಾಗ ನನಗೆ ಆ ಸಾಲುಗಳೇ ನೆನಪಾಗಿ ಮನಸ್ಸು ತುಂಬಿ ಬಂತು.

ಜೇತವನಾರಾಮಯವನ್ನು ಕಂಡಾಗ ಮಾವನವರು ಮಾತು ನಿಲ್ಲಿಸಿದರು. ಮಹಾಸೇನ ಎಂಬ ಅರಸ ಕ್ರಿ.ಶ. 3ನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ ಈ ಇಟ್ಟಿಗೆಯ ಸ್ತೂಪ ಮೂಲತಃ 122 ಮೀಟರ್ ಎತ್ತರವಿತ್ತು. ಆ ಕಾಲದಲ್ಲಿ ಗೀಜಾದ ಎರಡು ಪಿರಮಿಡ್ಡುಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಈಗ ಉಳಿದಿರುವುದು ಸುಮಾರು 71 ಮೀಟರ್. ಇದಕ್ಕೆ ಬಳಸಿದ ಇಟ್ಟಿಗೆಗಳು ಅಂದಾಜು 9 ಕೋಟಿ 33 ಲಕ್ಷ. ಬಿಳಿಯ ಗಾರೆ ಇಲ್ಲದೆ ಕೆಂಪು ಮೈಯನ್ನು ಹಾಗೇ ಬಿಟ್ಟಿರುವುದರಿಂದ ಕಟ್ಟಿದವರ ಕೈಗೆಲಸ ಇಲ್ಲಿ ಎದ್ದು ಕಾಣುತ್ತದೆ. ಇಟ್ಟಿಗೆ ಸುಡಲು ಎಷ್ಟು ಸೌದೆ ಬೇಕು, ಮೇಲಕ್ಕೆ ಸಾಗಿಸಲು ಎಷ್ಟು ಜನ ಬೇಕು, ಅವರಿಗೆ ಊಟಕ್ಕೆ ಎಷ್ಟು ಭತ್ತ ಬೇಕು ಎಂದು ಮಾವನವರು ಒಂದೊಂದಾಗಿ ಕೇಳುತ್ತ ಹೋದಂತೆ, ಈ ಸ್ತೂಪದ ಹಿಂದೆ ಒಂದು ದೊಡ್ಡ ಕೃಷಿ ವ್ಯವಸ್ಥೆಯೇ ಇದ್ದಿರಬೇಕು ಎಂಬುದು ನಮಗೆಲ್ಲ ಸ್ಪಷ್ಟವಾಯಿತು.

ಆ ವ್ಯವಸ್ಥೆ ಈಗಲೂ ಅಲ್ಲಿದೆ. ಅನುರಾಧಪುರದ ಸುತ್ತ ತಿಸ್ಸವೆವ, ನುವರವೆವ ಮೊದಲಾದ ಕೆರೆಗಳಿವೆ, ಅವುಗಳಲ್ಲಿ ಮೇ ತಿಂಗಳಲ್ಲೂ ನೀರಿತ್ತು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವುದನ್ನು ಪ್ರತಿವರ್ಷ ನೋಡುವ ನಮಗೆ ಇದು ಸ್ತೂಪಗಳಿಗಿಂತ ಕಡಿಮೆ ಅದ್ಭುತವಾಗಿ ಕಾಣಲಿಲ್ಲ. 5ನೆಯ ಶತಮಾನದಲ್ಲಿ ಧಾತುಸೇನ ಎಂಬ ಅರಸ ಕಲಾವೆವ ಎಂಬ ದೊಡ್ಡ ಕೆರೆ ಕಟ್ಟಿಸಿ, ಅಲ್ಲಿಂದ ತಿಸ್ಸವೆವದವರೆಗೆ ಸುಮಾರು 87 ಕಿಲೋಮೀಟರ್ ಕಾಲುವೆ ತೋಡಿಸಿದ. ಅದರ ಮೊದಲ 17 ಮೈಲಿಗಳಲ್ಲಿ ಇಳಿಜಾರು ಮೈಲಿಗೆ ಕೇವಲ 6 ಅಂಗುಲ. ನಮ್ಮ ಕೆರೆಗಳಲ್ಲಿ ತೂಬು ಇರುವಂತೆ ಅಲ್ಲಿ ಬಿಸೊಕೊಟುವ ಎಂಬ ಚೌಕದ ಕಲ್ಲಿನ ಬಾವಿಯೊಂದನ್ನು ಏರಿಯೊಳಗೆ ಕಟ್ಟುತ್ತಾರೆ. ಕೆರೆಯ ನೀರು ಅದರೊಳಗೆ ಬಂದು ರಭಸ ಕಳೆದುಕೊಂಡು ಕಾಲುವೆಗೆ ಇಳಿಯುತ್ತದೆ, ಇದರಿಂದ ಏರಿ ಕೊರೆದುಹೋಗುವುದಿಲ್ಲ. ಧಾತುಸೇನನ ಕೊನೆಯ ಕಥೆಯನ್ನು ಲಂಕೆಯ ಅರಸರ ಚರಿತ್ರೆಯಾದ ಚೂಳವಂಶ ಎಂಬ ಹಳೆಯ ಗ್ರಂಥ ಹೇಳುತ್ತದೆ. ಮಗ ಕಾಶ್ಯಪ ತಂದೆಯನ್ನು ಸೆರೆಹಿಡಿದು ಬಚ್ಚಿಟ್ಟ ಸಂಪತ್ತು ಎಲ್ಲಿದೆ ಎಂದು ಪೀಡಿಸಿದಾಗ, ಅವನು ತನ್ನನ್ನು ಕಲಾವೆವಕ್ಕೆ ಕರೆದೊಯ್ಯಿಸಿಕೊಂಡು, ಬೊಗಸೆಯಲ್ಲಿ ನೀರೆತ್ತಿ ತನ್ನ ಸಂಪತ್ತು ಇಷ್ಟೇ ಎಂದನಂತೆ. ಅರಸರ ಬಗ್ಗೆ ನಾನು ಕೇಳಿದ ಕಥೆಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆ ಕಾಶ್ಯಪನೇ ಮುಂದೆ ಸಿಗಿರಿಯದ ಬಂಡೆಯ ಮೇಲೆ ಅರಮನೆ ಕಟ್ಟಿಸಿಕೊಂಡು 495ರವರೆಗೆ ಆಳಿದ. ನಮ್ಮವರು ಮಕ್ಕಳನ್ನು ಕರೆದುಕೊಂಡು ಸಿಗಿರಿಯ ಹತ್ತಿದರು. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿರುವುದರಿಂದ ಹಿರಿಯರೊಂದಿಗೆ ನಾನು ಕೆಳಗಿನ ನೀರಿನ ತೋಟಗಳಲ್ಲೇ ಉಳಿದೆ. ಸಿಗಿರಿಯದ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ಇಲ್ಲಿಗೆ ಇಷ್ಟು ಸಾಕು.

ನಾವು ಅಲ್ಲಿದ್ದ ದಿನಗಳಲ್ಲಿ ವೆಸಾಕ್ ಹುಣ್ಣಿಮೆ ಬಂತು. ನಮ್ಮಲ್ಲಿ ಬುದ್ಧ ಪೂರ್ಣಿಮೆ ಎನ್ನುವುದು ಅಲ್ಲಿ ವರ್ಷದ ದೊಡ್ಡ ಹಬ್ಬ. ಮಾಂಸ ಮತ್ತು ಮದ್ಯದ ಮಾರಾಟ ನಿಲ್ಲುತ್ತದೆ, ಪ್ರತಿ ಮನೆಯ ಮುಂದೆ ಬಿದಿರು ಕಡ್ಡಿ ಮತ್ತು ತೆಳು ಕಾಗದದ ಆಕಾಶಬುಟ್ಟಿಗಳು ತೂಗುತ್ತವೆ, ರಸ್ತೆಯ ಬದಿಯಲ್ಲಿ ದನ್ಸಲ್ ಎಂಬ ಚಪ್ಪರಗಳನ್ನು ಹಾಕಿ ಹೋಗಿಬರುವವರಿಗೆಲ್ಲ ಉಚಿತವಾಗಿ ಊಟ, ಪಾನಕ, ಬೇಯಿಸಿದ ಕಡಲೆ ಕೊಡುತ್ತಾರೆ. ಹುಡುಗರು ರಸ್ತೆಗೆ ಬಂದು ಬಾವುಟ ಬೀಸಿ ನಮ್ಮ ವ್ಯಾನನ್ನು ನಿಲ್ಲಿಸಿ ಎಳೆದುಕೊಂಡು ಹೋದ ಹಾಗೆಯೇ ಕರೆದೊಯ್ದರು. ಶರಣಬಸವಪ್ಪನ ಗುಡಿಯ ದಾಸೋಹದಲ್ಲಿ ಉಂಡು ಬೆಳೆದವರಿಗೆ ಆ ಚಪ್ಪರದಲ್ಲಿ ಪರಕೀಯತೆ ಅನ್ನಿಸಲು ಸಾಧ್ಯವೇ ಇಲ್ಲ. ಯಾರು, ಎಲ್ಲಿಯವರು ಎಂದು ಕೇಳದೆ ತಟ್ಟೆಗೆ ಅನ್ನ ಬಡಿಸುವ ರೀತಿ ಎರಡೂ ಕಡೆ ಒಂದೇ. ಅಲ್ಲಿ ನಮಗೆ ಕುಡಿಯಲು ಕೊಟ್ಟದ್ದು ಬೆಲಿಮಲ್, ಅಂದರೆ ಒಣಗಿಸಿದ ಬಿಲ್ವದ ಹೂವನ್ನು ಕುದಿಸಿ ಬೆಲ್ಲದೊಂದಿಗೆ ಕೊಡುವ ಕಷಾಯ. ಬಿಲ್ವದ ಎಲೆಯನ್ನು ಜೀವನವಿಡೀ ಶಿವನಿಗೆ ಏರಿಸಿದ ಅತ್ತೆಯವರು ಅದರ ಹೂವನ್ನು ಹೀಗೆ ಬಳಸುತ್ತಾರೆಂದು ತಿಳಿದು ಎರಡನೆಯ ಲೋಟವನ್ನೂ ಕೇಳಿ ಕುಡಿದರು.

ಅಭಯಗಿರಿ ವಿಹಾರದ ಕಡೆ ಮಹಾಸೇನನ ಅರಮನೆ ಎಂದು ಕರೆಯುವ ಕಟ್ಟಡವೊಂದಿದೆ. ಅದು ನಿಜವಾಗಿ ಭಿಕ್ಷುಗಳ ವಾಸದ ಮನೆ. ಅದರ ಮೆಟ್ಟಿಲ ಬುಡದಲ್ಲಿರುವ ಚಂದ್ರಶಿಲೆಯನ್ನು ಅವಸರದಲ್ಲಿ ನೋಡಿ ಹೋಗಬಾರದು. ನಮ್ಮಲ್ಲಿ ಹೊಸ್ತಿಲ ಮುಂದೆ ರಂಗೋಲಿ ಇರುವ ಹಾಗೆ ಅಲ್ಲಿ ಅರ್ಧಚಂದ್ರಾಕಾರದ ಈ ಕಲ್ಲು ಇರುತ್ತದೆ. ಹೊರಗಿನ ಅಂಚಿನಲ್ಲಿ ಜ್ವಾಲೆಗಳ ಪಟ್ಟಿ. ಅದರ ಒಳಗೆ ಆನೆ, ಕುದುರೆ, ಸಿಂಹ, ಎತ್ತುಗಳು ಒಂದರ ಹಿಂದೆ ಒಂದು ಓಡುತ್ತಿವೆ. ಅದರ ಒಳಗೆ ಬಳ್ಳಿ. ಬಳಿಕ ಕೊಕ್ಕಿನಲ್ಲಿ ಮೊಗ್ಗು ಕಚ್ಚಿಕೊಂಡ ಹಂಸಗಳು. ನಡುವೆ ಅರಳಿದ ಅರ್ಧ ತಾವರೆ. ಸಂಸಾರದ ಬೇಗೆಯಿಂದ ಬಿಡುಗಡೆಯ ಕಡೆಗೆ ಸಾಗುವ ದಾರಿಯನ್ನು ಇದು ತೋರಿಸುತ್ತದೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಮಾವನವರು ಕಂಬಿಯ ಈಚೆಗೆ ಕುಕ್ಕರುಗಾಲಿನಲ್ಲಿ ಕುಳಿತು, “ಇದು ನಮ್ಮ ಫರ್ಷಿ ಅಲ್ಲ, ಕರಿಕಲ್ಲಿನ ಜಾತಿ. ಇದರಾಗ ಆನಿಯ ಕಾಲಿನ ಸುಕ್ಕು ತೆಗಿಬೇಕಂದ್ರ ಉಳಿ ಎಷ್ಟು ಸಲ ಮೊನಿ ಮಾಡಿರಬೇಕು” ಎಂದರು. ಕನಗನಹಳ್ಳಿಯ ಶಿಲ್ಪಿಗಳಿಗೆ ದೊರೆತದ್ದು ಭೀಮಾ ತೀರದ ಮೆದುವಾದ ಸುಣ್ಣಕಲ್ಲು. ಬಟ್ಟೆಯ ಮಡಿಕೆ, ಕೊರಳಿನ ಮಣಿ, ಮುಖದ ನಗು ಅದರಲ್ಲಿ ಸುಲಭವಾಗಿ ಇಳಿಯುತ್ತವೆ, ಆದರೆ ಅದೇ ಮೆದುತನದಿಂದ ಮಳೆ ಬಿಸಿಲಿಗೆ ಬೇಗ ಸವೆಯುತ್ತವೆ. ಕಲ್ಲು ತಿಳಿದವರ ಜೊತೆ ಹೋಗುವುದರ ಲಾಭ ಇದು.

ಸ್ತೂಪಗಳ ನಾಲ್ಕು ದಿಕ್ಕುಗಳಲ್ಲೂ ಮುಂಚಾಚಿದ ಕಟ್ಟಡದ ಭಾಗವೊಂದು ಅಲ್ಲಿ ಇರುತ್ತದೆ, ಅದಕ್ಕೆ ವಾಹಲ್ಕಡ ಎನ್ನುತ್ತಾರೆ. ಮಿಹಿಂತಲೆಯ ಕಂಟಕ ಚೇತಿಯ ಎಂಬ ಸ್ತೂಪದಲ್ಲಿ ಅವು ಚೆನ್ನಾಗಿ ಉಳಿದಿವೆ: ಪದರ ಪದರವಾಗಿ ಏರುವ ಕಲ್ಲಿನ ಸಾಲುಗಳು, ಆನೆಗಳು, ಕುಬ್ಜ ಗಣಗಳು, ಎರಡೂ ಬದಿಗೆ ಮೇಲೆ ಪ್ರಾಣಿ ಕುಳಿತ ಕಂಬಗಳು. ಕನಗನಹಳ್ಳಿಯ ಸ್ತೂಪದ ತಳದಲ್ಲಿ ನಾಲ್ಕು ಕಡೆ ಹೊರಚಾಚಿದ ಆಯಕ ಎಂಬ ಕಟ್ಟೆಗಳು ಯಾತಕ್ಕೆ ಎಂಬುದು ನನಗೆ ಮಿಹಿಂತಲೆಯಲ್ಲಿ ಹೊಳೆಯಿತು. ಭಕ್ತನು ಪ್ರದಕ್ಷಿಣೆ ಬರುವಾಗ ನಿಂತು ಹೂವಿಡುವ ತಾಣಗಳು ಅವು. ಸುತ್ತುವ ದಾರಿಗೆ ಅವೇ ನಿಲುಗಡೆಗಳು. ಆಂಧ್ರದ ಅಮರಾವತಿ, ನಾಗಾರ್ಜುನಕೊಂಡಗಳ ಶಿಲ್ಪಿಗಳಿಗೂ ಲಂಕೆಯ ಶಿಲ್ಪಿಗಳಿಗೂ ಕೊಡುಕೊಳ್ಳುವಿಕೆ ಇತ್ತು, ಕನಗನಹಳ್ಳಿಯೂ ಅದೇ ಕೃಷ್ಣಾ ಕಣಿವೆಯ ಬಳಗಕ್ಕೆ ಸೇರಿದ್ದು. ಆದ್ದರಿಂದ ಈ ಹೋಲಿಕೆ ಆಕಸ್ಮಿಕವಲ್ಲ.

ಪೊಲೊನ್ನರುವದಲ್ಲಿ ನಮ್ಮ ನಾಡಿನ ಇನ್ನೊಂದು ಎಳೆ ಸಿಕ್ಕಿತು. ಚೋಳರು ಲಂಕೆಯನ್ನು ಗೆದ್ದು ಈ ಊರಿನಿಂದ ಆಳುತ್ತಿದ್ದರು. 1070ರಲ್ಲಿ ವಿಜಯಬಾಹು ಅವರನ್ನು ಹೊರಗಟ್ಟಿದ. ಆ ವಿಜಯಬಾಹು ಕಾಣಿಕೆಗಳೊಂದಿಗೆ ಕರ್ನಾಟದ ಅರಸನ ಕಡೆಗೆ ದೂತರನ್ನು ಕಳುಹಿಸಿದನೆಂದೂ, ಚೋಳನಾಡಿನಲ್ಲಿ ಅವರ ಕಿವಿ ಮೂಗು ಕತ್ತರಿಸಲಾಯಿತೆಂದೂ ಚೂಳವಂಶ ದಾಖಲಿಸುತ್ತದೆ. ಆ ಕರ್ನಾಟದ ಅರಸ ಕಲ್ಯಾಣದಿಂದ 1076ರಿಂದ 1126ರವರೆಗೆ ಆಳಿದ 6ನೆಯ ವಿಕ್ರಮಾದಿತ್ಯ. ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಒಂಬತ್ತು ಶತಮಾನಗಳ ಹಿಂದೆ ಈ ದ್ವೀಪದಿಂದ ದೂತರು ಹೊರಟಿದ್ದರು ಎಂದು ಪೊಲೊನ್ನರುವದ ಅರಮನೆಯ ಹಾಳು ಗೋಡೆಗಳ ನಡುವೆ ನಿಂತು ಮಕ್ಕಳಿಗೆ ಹೇಳಿದಾಗ, ಅಜ್ಜಿಯ ತವರಿನ ಕಡೆಯ ಆ ಊರು ಅವರ ಕಣ್ಣಲ್ಲಿ ಒಮ್ಮೆಲೇ ದೊಡ್ಡದಾಯಿತು. ಅತ್ತೆಯವರ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ನಾನು ಮರೆಯಲಾರೆ.

ಅಲ್ಲಿನ ವಟದಾಗೆ ಎಂಬ ದುಂಡನೆಯ ಸ್ತೂಪಗೃಹದ ಚಂದ್ರಶಿಲೆಯಲ್ಲಿ ಎತ್ತಿನ ಸಾಲು ಇಲ್ಲ. ಚೋಳರ ಕಾಲದ ಬಳಿಕ ಶೈವರ ಪ್ರಭಾವದಿಂದ ನಂದಿಯನ್ನು ಕಾಲಡಿಗೆ ಇಡಬಾರದೆಂದು ಕೈಬಿಟ್ಟರು ಎಂಬುದು ವಿದ್ವಾಂಸರ ಸಾಮಾನ್ಯ ವಿವರಣೆ. “ಹಂಗಾರ ಇವ್ರು ನಮ್ಮವ್ರೇ” ಎಂದು ಅತ್ತೆಯವರು ತೀರ್ಪು ಕೊಟ್ಟರು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಪೂಜಿಸುವ ಮನೆತನದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಗಲ್ ವಿಹಾರದಲ್ಲಿ ಒಂದೇ ಹೆಬ್ಬಂಡೆಯಲ್ಲಿ ಕಡೆದ ನಾಲ್ಕು ಬುದ್ಧ ವಿಗ್ರಹಗಳಿವೆ. 12ನೆಯ ಶತಮಾನದಲ್ಲಿ ಪರಾಕ್ರಮಬಾಹು ಮಾಡಿಸಿದ ಇವುಗಳಲ್ಲಿ ಮಲಗಿದ ಬುದ್ಧನ ಉದ್ದ ಸುಮಾರು 14 ಮೀಟರ್. ಎಲ್ಲರೂ ಮುಖ ನೋಡುತ್ತಿದ್ದರೆ ಮಾವನವರು ತಲೆದಿಂಬನ್ನು ನೋಡಿದರು. ತಲೆಯ ಭಾರಕ್ಕೆ ದಿಂಬು ಒಂದಿಷ್ಟು ಒಳಕ್ಕೆ ತಗ್ಗಿದೆ. ಕಲ್ಲಿನಲ್ಲಿ ಹತ್ತಿಯ ಮೆದುತನವನ್ನು ತಂದಿದ್ದಾರೆ. ಬಂಡೆಯಲ್ಲಿ ಸಹಜವಾಗಿರುವ ಕಪ್ಪು ಪಟ್ಟೆಗಳು ಮುಖದ ಮೇಲೆ, ಎದೆಯ ಮೇಲೆ ಹರಿದುಹೋಗಿವೆ, ಶಿಲ್ಪಿ ಅವುಗಳಿಗೆ ಹೆದರಿಲ್ಲ. ಪಾದಗಳ ಬೆರಳುಗಳು ಒಂದಕ್ಕೊಂದು ಸರಿಯಾಗಿ ಕೂಡದೆ ತುಸು ಹಿಂದುಮುಂದಾಗಿವೆ. ಇದು ನಿದ್ರೆಯಲ್ಲ, ಪರಿನಿರ್ವಾಣ ಎಂಬುದರ ಗುರುತು.

ಪೊಲೊನ್ನರುವದಿಂದ ತ್ರಿಕೋನಮಲೆಗೆ ಹೋಗುವ ದಾರಿಯಲ್ಲಿ ಕಾಡು, ಗದ್ದೆ, ಮತ್ತೆ ಕಾಡು. 2009ರಲ್ಲಿ ಮುಗಿದ ಅಂತರ್ಯುದ್ಧದ ಕಾಲದಲ್ಲಿ ಈ ಭಾಗಕ್ಕೆ ಪ್ರವಾಸಿಗರು ಬರುವುದು ಅಪರೂಪವಾಗಿತ್ತು. 2004ರ ಡಿಸೆಂಬರ್ 26ರ ಸುನಾಮಿ ಈ ದಂಡೆಯ ಊರುಗಳನ್ನು ಕೊಚ್ಚಿಕೊಂಡು ಹೋಯಿತು, ದೇಶದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂಥ ಕಡಲಿನ ಮುಂದೆ ನಿಂತಿದ್ದೇವೆ ಎಂಬ ಅರಿವು ನಮ್ಮೊಳಗೆ ಇತ್ತು. ತ್ರಿಕೋನಮಲೆಯ ಹತ್ತಿರದ ನಿಲಾವೇಲಿಯಲ್ಲಿ ಆ ಕಡಲು ಮೊಣಕಾಲವರೆಗೆ ತಿಳಿಯಾಗಿ, ಬೆಚ್ಚಗೆ, ತೀರ ಸಣ್ಣ ಅಲೆಗಳೊಂದಿಗೆ ಹರಡಿಕೊಂಡಿತ್ತು. ಮಕ್ಕಳು ಇಳಿದವರು ಮೇಲೆ ಬರಲಿಲ್ಲ. ಅತ್ತೆಯವರು ಸೀರೆಯನ್ನು ತುಸು ಎತ್ತಿ ಕಟ್ಟಿ, ಪಾದ ಮುಳುಗುವಷ್ಟು ನೀರಿಗೆ ನಡೆದು, ಊರಿನಿಂದ ತಂದಿದ್ದ ಅರಿಷಿಣ ಕುಂಕುಮವನ್ನು ಗಂಗವ್ವನಿಗೆ ಏರಿಸುವ ಹಾಗೆ ಏರಿಸಿ, “ನಮ್ಮ ಭೀಮಾ ಹೊಳಿ ನೀರು ಈ ಕಡಲಿಗೇ ಬಂದು ಕೂಡ್ತದೇನು?” ಎಂದು ಕೇಳಿದರು. ಹೌದು. ಭೀಮೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಆಂಧ್ರದಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ, ತ್ರಿಕೋನಮಲೆಯ ಎದುರಿಗಿರುವುದೂ ಅದೇ ಕೊಲ್ಲಿ. ಆ ಉತ್ತರ ಕೇಳಿದ ಮೇಲೆ ಅವರಿಗೆ ಕಡಲಿನ ಬಗ್ಗೆ ಇದ್ದ ಅಂಜಿಕೆ ಹೋಯಿತು. ಮರುದಿನದಿಂದ ಮೊಮ್ಮಕ್ಕಳ ಜೊತೆ ಅವರೂ ನೀರಿನಲ್ಲಿ ಕುಳಿತುಕೊಳ್ಳತೊಡಗಿದರು.

ಕೋಣೇಶ್ವರ ದೇವಾಲಯ ಕಡಲಿಗೆ ನೇರ ಬಿದ್ದ ಕಡಿದಾದ ಬಂಡೆಯ ನೆತ್ತಿಯ ಮೇಲಿದೆ. 7ನೆಯ ಶತಮಾನದ ಶೈವ ಸಂತ ಜ್ಞಾನಸಂಬಂಧರ್ ತೇವಾರ ಎಂಬ ತಮಿಳು ಶಿವಸ್ತುತಿಗಳಲ್ಲಿ ಹಾಡಿದ ಕ್ಷೇತ್ರವಿದು. 1622ರಲ್ಲಿ ಪೋರ್ಚುಗೀಸರು ಹಳೆಯ ಗುಡಿಯನ್ನು ಕೆಡವಿ, ಅದರ ಕಲ್ಲುಗಳನ್ನು ಕೋಟೆಗೆ ಬಳಸಿದರು. ಕಡಲಿಗೆ ಬಿದ್ದ ಕಂಬಗಳನ್ನೂ ಕೆತ್ತನೆಯ ಕಲ್ಲುಗಳನ್ನೂ 1956ರಲ್ಲಿ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮತ್ತು ಅವರ ಜೊತೆಗಾರ ಮೈಕ್ ವಿಲ್ಸನ್ ನೀರಿನೊಳಗೆ ಇಳಿದು ನೋಡಿದರು. ಗುಡಿಗೆ ಹೋಗಲು ಕೋಟೆಯ ಬಾಗಿಲನ್ನು ದಾಟಬೇಕು, ಒಳಗೆ ಜಿಂಕೆಗಳು ಜನರ ನಡುವೆಯೇ ಓಡಾಡುತ್ತಿರುತ್ತವೆ. ಅರ್ಚಕರು ಕೊಟ್ಟ ವಿಭೂತಿಯನ್ನು ಅತ್ತೆಯವರು ಹಣೆಗೆ ಮೂರು ಬೆರಳಿನಿಂದ ಹಚ್ಚಿಕೊಂಡಾಗ, ಪಕ್ಕದಲ್ಲಿದ್ದ ತಮಿಳು ಅಜ್ಜಿಯೊಬ್ಬರು ನಕ್ಕು ತಮ್ಮ ಹಣೆಯನ್ನೂ ತೋರಿಸಿದರು. ಊರಿನಿಂದ ಹೊರಗೆ ಕನ್ನಿಯ ಎಂಬಲ್ಲಿ ಒಂದರ ಪಕ್ಕ ಒಂದರಂತೆ ಏಳು ಬಿಸಿನೀರಿನ ಬುಗ್ಗೆಗಳಿವೆ, ರಾವಣನ ಕಥೆಗೆ ಅವು ಹೆಣೆದುಕೊಂಡಿವೆ. ಏಳರ ಬಿಸಿಯೂ ಬೇರೆಬೇರೆ. ಬೊಗಸೆಯಿಂದ ಒಂದೊಂದನ್ನೂ ಪರೀಕ್ಷಿಸುವುದೇ ಮಕ್ಕಳಿಗೆ ಆಟವಾಯಿತು.

ಹೋಗುವವರಿಗೆ ಕೆಲವು ಮಾತುಗಳು. ಅನುರಾಧಪುರದ ಪವಿತ್ರ ಸ್ಥಳಗಳಲ್ಲಿ ಭುಜ ಮತ್ತು ಮೊಣಕಾಲು ಮುಚ್ಚುವ ತಿಳಿ ಬಣ್ಣದ ಬಟ್ಟೆ ತೊಡಬೇಕು, ಚಪ್ಪಲಿ ಮತ್ತು ಟೊಪ್ಪಿಗೆ ತೆಗೆಯಬೇಕು, ಬುದ್ಧನಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬಾರದು. ಮಧ್ಯಾಹ್ನದ ಕಲ್ಲು ಕಲಬುರಗಿಯ ಅಂಗಳದಷ್ಟೇ ಸುಡುತ್ತದೆ, ಆದಕಾರಣ ಸ್ತೂಪಗಳನ್ನು ಬೆಳಿಗ್ಗೆ ಮತ್ತು ಸಂಜೆ ನೋಡಿ, ಸಾಕ್ಸ್ ಜೊತೆಯಲ್ಲಿರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ನಮ್ಮ ಭಾಗದವರು ಅನುರಾಧಪುರಕ್ಕೆ ಹೊರಡುವ ಮೊದಲು ಒಂದು ದಿನ ಕನಗನಹಳ್ಳಿಯನ್ನು ನೋಡಿಕೊಂಡು ಹೋಗಿ, ಹಿಂದಿರುಗಿದ ಮೇಲೆ ಮತ್ತೊಂದು ಸಲ ನೋಡಿ. ನಾಲವಾರ ರೈಲು ನಿಲ್ದಾಣದಿಂದ ಸನ್ನತಿಗೆ ರಸ್ತೆ ಇದೆ, ಕಲಬುರಗಿಯಿಂದ ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಇತ್ತೀಚಿನ ವರ್ಷಗಳಲ್ಲಿ ಪುರಾತತ್ವ ಇಲಾಖೆ ಅಲ್ಲಿ ಸಂರಕ್ಷಣೆಯ ಕೆಲಸ ಕೈಗೊಂಡಿದೆ, ಅದು ಚೆನ್ನಾಗಿ ಮುಂದುವರಿಯಬೇಕೆಂಬುದು ನನ್ನ ಮನಸ್ಸಿನ ಆಸೆ. ಶ್ರೀಲಂಕಾದಿಂದ ಬಂದ ಮೇಲೆ ಮೊದಲ ಮಳೆ ಬಿದ್ದ ವಾರದಲ್ಲಿ ನಾವು ಅಲ್ಲಿಗೆ ಹೋದೆವು. ಮಗಳು ಸ್ತೂಪದ ತಳದ ಸುತ್ತ ಬಲಕ್ಕೆ ತಿರುಗುತ್ತ ನಡೆದು, ನಾಲ್ಕು ಆಯಕಗಳಲ್ಲೂ ನಿಂತು, ಹೂವಿಡುವ ಜಾಗ ಇದು, ಇದು ಎಂದು ತನ್ನ ತಮ್ಮನಿಗೆ ತೋರಿಸಿದಳು. ಮಾವನವರು ಚಪ್ಪಡಿಯೊಂದರ ಅಂಚಿಗೆ ಅಂಗೈ ಇಟ್ಟು, ಇದು ಯಾವ ಪದರಿನ ಕಲ್ಲು, ಎಷ್ಟು ಆಳದಿಂದ ತೆಗೆದಿರಬಹುದು, ಹಾಸಾಗಿ ಎಬ್ಬಿಸುವಾಗ ಗೂಟ ಎಲ್ಲಿ ಬಡಿದಿರಬೇಕು ಎಂದು ಅಲ್ಲಿನ ಕಾವಲುಗಾರನಿಗೆ ವಿವರಿಸತೊಡಗಿದರು. ಆತನೂ ಖಣಿಯಲ್ಲಿ ದುಡಿದವನೇ ಆಗಿದ್ದರಿಂದ ಅವರಿಬ್ಬರ ಮಾತು ಬಹಳ ಹೊತ್ತು ನಡೆಯಿತು.